ಅಣಬೆ ಬೆಳೆಯುವ ಇರುವೆ ಗೂಡು: ತೋಟ ಕುಗ್ಗುತ್ತಿದೆ, ಲ್ಯಾಬಿನಲ್ಲಿ ಸಾಕಿದವರು ದಯವಿಟ್ಟು ಹೇಳಿ

ಸೊಪ್ಪಿನಬೆಟ್ಟ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಎರಡು ತಿಂಗಳ ಹಿಂದೆ ಯುರೋಪಿನ ಒಂದು ಲ್ಯಾಬಿಗೆ ಪಿಎಚ್‌ಡಿಗೆ ಸೇರಿದೆ. ಎಲೆ ಕತ್ತರಿಸುವ ಇರುವೆಗಳ ಆರು ಗೂಡುಗಳನ್ನು ನನಗೆ ಒಪ್ಪಿಸಿದ್ದಾರೆ. ಜಾತಿ ಆಕ್ರೋಮೈರ್ಮೆಕ್ಸ್ ಎಕಿನೇಷಿಯರ್. ಪನಾಮಾದ ಗಂಬೋವಾ ಸುತ್ತಲಿನ ಕಾಡಿನಿಂದ ಪರವಾನಗಿ ಪಡೆದು ತಂದ ಗೂಡುಗಳು.

ಮೊದಲ ದಿನ ನೋಡಿದಾಗ ನನಗೆ ಊರೇ ನೆನಪಾಯಿತು. ನಮ್ಮಲ್ಲಿ ಸೊಪ್ಪಿನ ಬೆಟ್ಟದಿಂದ ಸೊಪ್ಪು ಕಡಿದು ತಂದು ಅಡಿಕೆ ಬುಡಕ್ಕೆ ಹಾಕುತ್ತಾರಲ್ಲ, ಇವೂ ಅದನ್ನೇ ಮಾಡುತ್ತವೆ. ಕತ್ತರಿಸಿದ ಎಲೆಯನ್ನು ತಾವು ತಿನ್ನುವುದಿಲ್ಲ. ಹೊತ್ತು ತಂದು, ಅಗಿದು, ಗೂಡಿನೊಳಗಿನ ಅಣಬೆ ತೋಟಕ್ಕೆ ಹಾಕುತ್ತವೆ. ಆ ಅಣಬೆಯನ್ನು ಮರಿಗಳಿಗೆ ಉಣಿಸುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ಗೂಡಿನ ತೋಟ ಕುಗ್ಗುತ್ತಿದೆ. ಹತ್ತು ದಿನದ ಹಿಂದೆ ತೆಂಗಿನಕಾಯಿಯಷ್ಟು ದೊಡ್ಡದಿತ್ತು. ಈಗ ಒಂದು ಮೂಸಂಬಿಯಷ್ಟಿದೆ. ಕೋಣೆಯ ಉಷ್ಣತೆ 25 ಡಿಗ್ರಿ, ತೇವಾಂಶ ಶೇ. 70. ಬ್ಲ್ಯಾಕ್‌ಬೆರಿ ಎಲೆ, ಅಕ್ಕಿ ಕಾಳು, ಸೇಬಿನ ಚೂರು ಕೊಡುತ್ತೇನೆ. ಉಳಿದ ಐದೂ ಗೂಡುಗಳು ಚೆನ್ನಾಗಿವೆ. ಇರುವೆಗಳು ಮಾತ್ರ ಇಲ್ಲೂ ತುಂಬಾ ಚುರುಕಾಗಿವೆ, ಓಡಾಡುತ್ತಲೇ ಇವೆ. ಹಾಗಾಗಿ ಮೊದಲ ವಾರ ನಾನು ಗಮನಿಸಲೇ ಇಲ್ಲ. ಯಾಕೆ ಹೀಗಾಗುತ್ತಿದೆ?

ತೋಟದ ಕಾವಲು

ತಂಗೀ, ಇರುವೆ ಚುರುಕಾಗಿದೆ ಅಂತ ಸಮಾಧಾನ ಪಡಬೇಡಿ. ನಾನು ಒಂಬತ್ತು ವರ್ಷ ಈ ಗೂಡುಗಳನ್ನು ನೋಡಿಕೊಂಡಿದ್ದೇನೆ. ಮೊದಲ ವರ್ಷ ನಾನೂ ದಿನಾ ಇರುವೆಗಳನ್ನೇ ನೋಡುತ್ತಿದ್ದೆ. ಎಷ್ಟು ಹೊರಗೆ ಬಂದವು, ಎಷ್ಟು ಎಲೆ ಕತ್ತರಿಸಿದವು ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಎಲ್ಲ ಲೆಕ್ಕವೂ ಸರಿಯಿತ್ತು. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಡಬ್ಬಿಯಲ್ಲಿ ತೋಟವೇ ಇಲ್ಲ. ತೋಟ ಸಾಯುವಾಗ ಇರುವೆ ಇನ್ನೂ ಜಾಸ್ತಿ ಓಡಾಡುತ್ತದೆ, ಕೆಟ್ಟ ಭಾಗವನ್ನು ಹೊರಗೆ ಸಾಗಿಸಬೇಕಲ್ಲ. ಅಂದಿನಿಂದ ನಾನು ಮೊದಲು ತೋಟ ನೋಡುತ್ತೇನೆ, ಆಮೇಲೆ ಇರುವೆ.

ನೋಡುವುದು ಹೀಗೆ. ಆರೋಗ್ಯವಾಗಿರುವ ತೋಟದಲ್ಲಿ ಮೂರು ಬಣ್ಣ ಕಾಣಬೇಕು. ಮೇಲೆ ಹೊಸ ಎಲೆ ಹಾಕಿದ ಜಾಗ ಬೂದು, ಸ್ವಲ್ಪ ಹಸಿರು. ನಡುವೆ ಬಿಳಿ, ಹತ್ತಿ ಹಿಂಜಿದ ಹಾಗೆ. ಕೆಳಗೆ ಹಳೆಯದು, ಹಳದಿ ಕಂದು. ಇರುವೆಗಳು ಕೆಳಗಿನದನ್ನು ಕಿತ್ತು ಕಸದ ಗುಡ್ಡೆಗೆ ಹಾಕುತ್ತಿರುತ್ತವೆ. ಕಸದಲ್ಲಿ ಬಿಳಿ ಚೂರು ಕಂಡರೆ ಗಾಬರಿಪಡಿ. ಅದು ಬದುಕಿರಬೇಕಾದ ತೋಟ.

ನಡುವಿನ ಬಿಳಿ ಭಾಗವನ್ನು ಸೂಕ್ಷ್ಮದರ್ಶಕದ ಕೆಳಗೆ ಇಡಿ. ಎಳೆಗಳ ತುದಿ ಊದಿಕೊಂಡು ಚಿಕ್ಕ ಚಿಕ್ಕ ಗೊಂಚಲಾಗಿರಬೇಕು, ನೆನೆಸಿದ ಸಾಬೂದಾನಿಯ ಹಾಗೆ. ಊದಿದ ತುದಿಗೆ ಗಾಂಗಿಲಿಡಿಯಾ ಅನ್ನುತ್ತಾರೆ. ಮರಿಗಳ ಊಟ ಅದೇ. ಬೆಳೆದ ಇರುವೆಗಳಿಗೆ ಶಕ್ತಿಯ ಹೆಚ್ಚಿನ ಪಾಲು ಎಲೆ ಕತ್ತರಿಸುವಾಗ ಸಿಗುವ ರಸದಿಂದಲೇ ಬರುತ್ತದೆ. ಅದಕ್ಕೇ ತೋಟ ಹೋದರೂ ಅವು ಸ್ವಲ್ಪ ಕಾಲ ಗಟ್ಟಿಯಾಗಿರುತ್ತವೆ, ನಾವು ಮೋಸ ಹೋಗುತ್ತೇವೆ.

ಮೂರು ಪ್ರಶ್ನೆ:

ಕಸದಲ್ಲಿ ಬಿಳಿ ಚೂರು ಇದೆಯಾ?

ತೋಟದ ಮೇಲೆ ಏನು ಮುಚ್ಚಿದ್ದೀರಿ? ಕೋಣೆಯಲ್ಲಿ ಶೇ. 70 ಇದ್ದರೆ ಸಾಲದು. 2000ರಲ್ಲಿ ರೋಸೆಸ್ ಮತ್ತು ಕ್ಲೈನ್‌ಐಡಂ ಮಾಡಿದ ಪ್ರಯೋಗದಲ್ಲಿ ಬೇರೆ ಬೇರೆ ತೇವಾಂಶದ ಕೋಣೆಗಳನ್ನು ಕೊಟ್ಟಾಗ ಆಟಾ ಸೆಕ್ಸ್‌ಡೆನ್ಸ್ ಅನ್ನುವ ಇನ್ನೊಂದು ಎಲೆ ಕತ್ತರಿಸುವ ಜಾತಿಯ ಇರುವೆಗಳು ತೋಟವನ್ನು ಶೇ. 98 ಇದ್ದ ಕಡೆಗೆ ಹೊತ್ತುಕೊಂಡು ಹೋದವು.

ಕಳೆದ ಎರಡು ವಾರದಲ್ಲಿ ಹೊಸದಾಗಿ ಏನಾದರೂ ತಿನ್ನಲು ಕೊಟ್ಟಿರಾ? ಈ ಒಂದು ಗೂಡಿಗೆ ಮಾತ್ರ?

ತುಮಕೂರು ಮೇಷ್ಟ್ರು

ನಡುವೆ ಬಂದೆ, ಕ್ಷಮಿಸಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ನಮ್ಮ ಕಡೆಯ ಯಾವ ಇರುವೆಯಾದರೂ ಹೀಗೆ ಅಣಬೆ ಬೆಳೆಯುತ್ತದಾ? ಗೊದ್ದ, ಚಗಳಿ, ಕೆಂಪಿರುವೆ ಮಕ್ಕಳಿಗೆ ಗೊತ್ತು. ಇನ್ನೊಂದು ಪ್ರಶ್ನೆ. ಹೊಸ ಗೂಡಿಗೆ ಆ ಅಣಬೆ ಎಲ್ಲಿಂದ ಬರುತ್ತದೆ? ಬೀಜ ಯಾರು ಕೊಡುತ್ತಾರೆ?

ತೋಟದ ಕಾವಲು

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಇಲ್ಲ. ಈ ಗುಂಪಿನ ಸುಮಾರು 250 ಜಾತಿಗಳೂ ಅಮೆರಿಕ ಖಂಡಗಳಲ್ಲೇ ಇವೆ. ಎಲ್ಲವೂ ಹಸಿ ಎಲೆ ಕತ್ತರಿಸುವುದಿಲ್ಲ. ಕೆಲವು ಒಣಗಿದ ಹೂವು, ಹುಳುವಿನ ಹಿಕ್ಕೆ ಆಯ್ದು ತಂದು ಚಿಕ್ಕ ತೋಟ ಮಾಡುತ್ತವೆ. ದೊಡ್ಡ ಬೇಸಾಯ ಆಟಾ ಮತ್ತು ಆಕ್ರೋಮೈರ್ಮೆಕ್ಸ್‌ನದು. ಆಟಾದ ಒಂದು ದೊಡ್ಡ ಗೂಡಿನಲ್ಲಿ ಲಕ್ಷಗಟ್ಟಲೆ ಇರುವೆ ಇರುತ್ತವೆ.

ಎಲೆ ಯಾಕೆ ಒಯ್ಯುತ್ತವೆ ಅಂತ ಬಹಳ ಕಾಲ ಯಾರಿಗೂ ತಿಳಿದಿರಲಿಲ್ಲ. ತಿನ್ನಲಿಕ್ಕೆ ಇರಬೇಕು ಅಂದುಕೊಂಡಿದ್ದರು. ನಿಕರಾಗುವಾದಲ್ಲಿ ಗಣಿ ಎಂಜಿನಿಯರ್ ಆಗಿದ್ದ ಥಾಮಸ್ ಬೆಲ್ಟ್, ಅವು ಎಲೆಯ ಮೇಲೆ ಅಣಬೆ ಬೆಳೆಯುತ್ತವೆ ಅಂತ 1874ರಲ್ಲಿ ಬರೆದ. 1893ರಲ್ಲಿ ಆಲ್ಫ್ರೆಡ್ ಮೊಲ್ಲರ್ ಬ್ರೆಜಿಲ್‌ನಲ್ಲಿ ಆ ಬೇಸಾಯವನ್ನು ವಿವರವಾಗಿ ತೋರಿಸಿದ.

ಬೀಜ ಕೊಡುವುದು ತಾಯಿ ಮನೆ. ಮದುವೆ ಹಾರಾಟಕ್ಕೆ ಹೊರಡುವ ರಾಣಿ ತನ್ನ ಹುಟ್ಟಿದ ಗೂಡಿನ ಅಣಬೆಯ ಒಂದು ಚಿಕ್ಕ ಉಂಡೆಯನ್ನು ಬಾಯಿಯೊಳಗಿನ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಗಂಡುಗಳ ಜೊತೆ ಕೂಡಿ, ನೆಲಕ್ಕಿಳಿದು, ರೆಕ್ಕೆ ಕಿತ್ತು, ಮಣ್ಣು ತೋಡಿ ಒಳಗೆ ಸೇರಿ ಅದನ್ನು ಉಗುಳುತ್ತದೆ. ಅಲ್ಲಿಂದ ಬೇಸಾಯ ಶುರು. ಯಾಕೋಬ್ ಹೂಬರ್ 1905ರಲ್ಲಿ ಬೆಲೆಮ್‌ನಲ್ಲಿ ಆಟಾ ರಾಣಿಯನ್ನು ಹತ್ತಿರದಿಂದ ಗಮನಿಸಿದ. ಅದು ಅಣಬೆಯ ಒಂದು ಎಸಳು ಕಿತ್ತು, ಹೊಟ್ಟೆಯ ತುದಿಗೆ ಒತ್ತಿ, ಒಂದು ಹನಿ ಹಿಕ್ಕೆ ಬಿಟ್ಟು, ಮತ್ತೆ ತೋಟಕ್ಕೆ ನೆಡುತ್ತದೆ. ಗೊಬ್ಬರ ಹಾಕಿ ನಾಟಿ ಮಾಡಿದ ಹಾಗೆಯೇ ಅಲ್ವಾ! ಆ ಕಾಲದಲ್ಲಿ ಆಟಾ ರಾಣಿ ತೋಟವನ್ನು ಮುಟ್ಟಿ ತಿನ್ನುವುದಿಲ್ಲ. ತಾನು ಇಟ್ಟ ಮೊಟ್ಟೆಗಳಲ್ಲೇ ಹೆಚ್ಚಿನವನ್ನು ತಿಂದು, ಮೈಯಲ್ಲಿದ್ದ ಕೊಬ್ಬು ಕರಗಿಸಿಕೊಂಡು ಬದುಕುತ್ತದೆ. ಮೊದಲ ಕೆಲಸಗಾರ್ತಿಯರು ಹೊರಬರಲು ಒಂದೂವರೆ, ಎರಡು ತಿಂಗಳು ಬೇಕು. ಅಷ್ಟರೊಳಗೆ ಆ ಉಂಡೆ ಸತ್ತರೆ ಗೂಡೇ ಇಲ್ಲ.

ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಸೊಪ್ಪಿನಬೆಟ್ಟ

ಅಣ್ಣ, ನೀವು ಕೇಳಿದ ಮೇಲೆ ಕಸದ ಗುಡ್ಡೆಯನ್ನು ಬಿಳಿ ತಟ್ಟೆಗೆ ಹಾಕಿ ಕೆದಕಿದೆ. ಬಿಳಿ ಚೂರುಗಳಿವೆ. ತುಂಬಾ ಇವೆ. ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ತೋಟದ ಮೇಲೆ ಪಾರದರ್ಶಕ ಲೋಟವನ್ನು ಬೋರಲು ಹಾಕಿದ್ದೇನೆ, ಕೆಳಗೆ ಒದ್ದೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಲೋಟದ ಒಳಗೆ ಮಂಜು ಕಟ್ಟಿದೆ. ತೇವಕ್ಕೆ ತೊಂದರೆ ಇರಲಾರದು.

ಹೊಸ ತಿನಿಸು... ಹೌದು, ಕೊಟ್ಟಿದ್ದೆ. ಹನ್ನೆರಡು ದಿನದ ಹಿಂದೆ ಗುಲಾಬಿ ಎಸಳು. ಲ್ಯಾಬಿನಲ್ಲಿ ಒಬ್ಬರಿಗೆ ಯಾರೋ ಹೂಗುಚ್ಛ ಕೊಟ್ಟಿದ್ದರು, ಅಂಗಡಿಯಿಂದ ತಂದದ್ದು. ಬಾಡಿದ ಮೇಲೆ ಎಸಳು ಬಿಡಿಸಿ ನಾಲ್ಕನೇ ಗೂಡಿಗೆ ಹಾಕಿದೆ. ಅವು ಅಷ್ಟು ಖುಷಿಯಿಂದ ಹೊತ್ತುಕೊಂಡು ಹೋದವು. ತೋಟದ ನೆತ್ತಿ ಎರಡು ದಿನ ಗುಲಾಬಿ ಬಣ್ಣಕ್ಕಿತ್ತು.

ತೋಟದ ಕಾವಲು

ಇದೇ ಇರಬೇಕು ಅಂತ ನನ್ನ ಅನುಮಾನ. ಮಾರಾಟದ ಹೂವಿಗೆ ಬೂಷ್ಟು ಬರದಿರಲಿ ಅಂತ ಔಷಧಿ ಹೊಡೆದಿರುತ್ತಾರೆ. ಬೂಷ್ಟಿಗೆ ವಿಷವಾದದ್ದು ಈ ತೋಟಕ್ಕೂ ವಿಷವೇ. ಇರುವೆಗೆ ಅದರಿಂದ ನೇರವಾಗಿ ಏನೂ ಆಗುವುದಿಲ್ಲ, ಹಾಗಾಗಿ ಒಯ್ಯುವಾಗ ಅದಕ್ಕೂ ತಿಳಿಯುವುದಿಲ್ಲ.

ಒಂದು ಕೆಲಸ ಮಾಡಿ. ಅದೇ ಬಗೆಯ ಗುಲಾಬಿಯ ಎರಡೇ ಎಸಳನ್ನು ನಾಲ್ಕನೇ ಗೂಡಿನ ಹೊರಗಿನ ಪೆಟ್ಟಿಗೆಯಲ್ಲಿ, ಬ್ಲ್ಯಾಕ್‌ಬೆರಿ ಎಲೆಯ ಪಕ್ಕ ಇಟ್ಟು ಅರ್ಧ ಗಂಟೆ ನೋಡಿ. ಒಳಗೆ ಒಯ್ಯಲು ಬಿಡಬೇಡಿ. ಮುಟ್ಟಿದರೆ ತೆಗೆದುಬಿಡಿ. ಏನಾಯಿತು ಹೇಳಿ, ಆಮೇಲೆ ಯಾಕೆ ಅಂತ ಹೇಳುತ್ತೇನೆ.

ಸೊಪ್ಪಿನಬೆಟ್ಟ

ನೋಡಿದೆ. ಒಂದು ಇರುವೆ ಬಂದು ಎಸಳಿನ ಅಂಚನ್ನು ಮೀಸೆಯಿಂದ ತಡವಿತು. ಹಿಂದೆ ಸರಿಯಿತು. ಇನ್ನೊಂದು ಮೇಲೆ ಹತ್ತಿ ದಾಟಿಕೊಂಡು ಎಲೆಗೆ ಹೋಯಿತು. ಅರ್ಧ ಗಂಟೆಯಲ್ಲಿ ಒಂದೂ ಕತ್ತರಿಸಲಿಲ್ಲ. ಅಂದು ಮುಗಿಬಿದ್ದಿದ್ದ ಇರುವೆಗಳೇ! ಗುಲಾಬಿ ಕಾಣದ ಎರಡನೇ ಗೂಡಿಗೆ ಯಾರದೋ ಮನೆ ತೋಟದ, ಔಷಧಿ ಹೊಡೆಯದ ಎಸಳು ಕೊಟ್ಟೆ. ತಕ್ಷಣ ಕತ್ತರಿಸಿದವು.

ತೋಟದ ಕಾವಲು

ಹಾಗಾದರೆ ನಿಮ್ಮ ಇರುವೆಗಳು ಪಾಠ ಕಲಿತಿವೆ. 1996ರಲ್ಲಿ ರಿಡ್ಲಿ, ಹೌಸ್, ಜ್ಯಾಕ್ಸನ್ ಇದನ್ನು ಪ್ರಯೋಗದಿಂದ ತೋರಿಸಿದರು. ಸೈಕ್ಲೋಹೆಕ್ಸಿಮೈಡ್ ಅನ್ನುವ, ಅಣಬೆಗೆ ವಿಷವಾದ ವಸ್ತುವನ್ನು ಸೇರಿಸಿದ ತಿನಿಸು ಇಟ್ಟರು. ಇರುವೆಗಳು ಮೊದಲು ಒಯ್ದವು. ಕೆಲವು ಗಂಟೆಗಳ ಮೇಲೆ ನಿಲ್ಲಿಸಿದವು. ಆಮೇಲೆ ಅದೇ ತಿನಿಸನ್ನು ವಿಷವಿಲ್ಲದೆ ಇಟ್ಟರೂ ವಾರಗಟ್ಟಲೆ ಮುಟ್ಟಲಿಲ್ಲ. ನೋವಾದ ತೋಟದಿಂದ ಏನೋ ಒಂದು ಸುಳಿವು ಇರುವೆಗೆ ಸಿಗುತ್ತದೆ, ಅದನ್ನು ಆ ಎಲೆಯ ವಾಸನೆಯ ಜೊತೆ ನೆನಪಿಟ್ಟುಕೊಳ್ಳುತ್ತವೆ ಅನ್ನುವುದು ಇದರ ತಾತ್ಪರ್ಯ. ನನಗೆ ಈ ಇರುವೆಗಳಲ್ಲಿ ಅತ್ಯಂತ ಪ್ರೀತಿ ಹುಟ್ಟಿಸಿದ ಸಂಗತಿ ಇದು. ತೋಟ ಮಾತಾಡುತ್ತದೆ, ಇರುವೆ ಕೇಳಿಸಿಕೊಳ್ಳುತ್ತದೆ.

ಈಗ ಮಾಡಬೇಕಾದದ್ದು: ಬ್ಲ್ಯಾಕ್‌ಬೆರಿಯ ಎಳೆ ಎಲೆ ಬಿಟ್ಟು ಬೇರೇನೂ ಬೇಡ. ಕಸವನ್ನು ದಿನಾ ತೆಗೆಯಿರಿ. ತೋಟದ ಮೇಲೆ ನೀರು ಚಿಮುಕಿಸಬೇಡಿ, ಪ್ಲಾಸ್ಟರಿಗೆ ಮಾತ್ರ ಹಾಕಿ. ಲೋಟ ಎತ್ತಿ ಎತ್ತಿ ನೋಡಬೇಡಿ. ತೋಟ ಇನ್ನೂ ಕುಗ್ಗಿದರೆ, ಗಟ್ಟಿಯಾಗಿರುವ ಗೂಡಿನಿಂದ ಒಂದು ಚಮಚದಷ್ಟು ಬಿಳಿ ತೋಟ ತೆಗೆದು ಕೊಡಬಹುದು.

ಹಸಿರುಬೂಷ್ಟು

ಕೊನೆಯ ಸಲಹೆಗೆ ನನ್ನ ಒಪ್ಪಿಗೆ ಇಲ್ಲ. ನಾನು ಸೂಕ್ಷ್ಮಜೀವಿಗಳ ಕಡೆಯವಳು.

ಮೊದಲನೆಯದು ರೋಗ. ಔಷಧಿಯಿಂದ ಸೊರಗಿದ ತೋಟಕ್ಕೆ ಮುತ್ತಲು ಎಸ್ಕೊವಾಪ್ಸಿಸ್ ಕಾಯುತ್ತಿರುತ್ತದೆ. ಈ ಇರುವೆಗಳ ತೋಟವನ್ನೇ ತಿನ್ನುವ ಶಿಲೀಂಧ್ರ ಅದು. 1999ರಲ್ಲಿ ಕ್ಯಾಮರಾನ್ ಕರಿ ಮತ್ತು ಸಂಗಡಿಗರು ಅದರ ಹಾವಳಿಯನ್ನು ತೋರಿಸಿದರು. ಅದೇ ವರ್ಷ ಇನ್ನೊಂದನ್ನೂ ತೋರಿಸಿದರು. ಇರುವೆಯ ಮೈಮೇಲಿನ ಬಿಳಿ ಪುಡಿ ಮೇಣವಲ್ಲ, ಎಸ್ಕೊವಾಪ್ಸಿಸ್ ಅನ್ನು ತಡೆಯುವ ಔಷಧಿ ಮಾಡುವ ಬ್ಯಾಕ್ಟೀರಿಯಾ. ನಿಮ್ಮ ಆಕ್ರೋಮೈರ್ಮೆಕ್ಸ್‌ನ ಎಳೆಯ ದೊಡ್ಡ ಕೆಲಸಗಾರ್ತಿಯರನ್ನು ನೋಡಿ. ಎದೆಯ ಭಾಗ ಅಕ್ಕಿ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗಿರುತ್ತದೆ. ಅದು ಸ್ಯೂಡೋನೊಕಾರ್ಡಿಯಾ. ಆಟಾದಲ್ಲಿ ಈ ಬಿಳಿ ಕಾಣುವುದಿಲ್ಲ.

ಹಾಗಾಗಿ ಮೊದಲು ಪರೀಕ್ಷೆ ಮಾಡಿ. ತೋಟದಿಂದ ಬಟಾಣಿ ಕಾಳಿನಷ್ಟು ಚೂರು ತೆಗೆಯಿರಿ. ಒಂದು ಇರುವೆಯೂ ಉಳಿಯಬಾರದು. ಒದ್ದೆ ಹತ್ತಿಯ ಜೊತೆ ಪೆಟ್ರಿ ತಟ್ಟೆಯಲ್ಲಿ ಮುಚ್ಚಿ 25 ಡಿಗ್ರಿಯಲ್ಲಿ ಇಡಿ. ಇರುವೆ ನೆಕ್ಕಿ ಕಳೆ ಕೀಳುವುದು ನಿಂತ ಕೂಡಲೇ ಒಳಗಿದ್ದದ್ದು ಮೇಲೆ ಬರುತ್ತದೆ. ಬಿಳಿ ನೂಲು ವೇಗವಾಗಿ ಹಬ್ಬಿ ಕಂದು ಪುಡಿಯಾದರೆ ಎಸ್ಕೊವಾಪ್ಸಿಸ್ ಅನ್ನುವ ಅನುಮಾನ. ಹಚ್ಚ ಹಸಿರಾದರೆ ಟ್ರೈಕೊಡರ್ಮಾ ಥರದ ಬೂಷ್ಟು. ಫೋರ್ಸೆಪ್ಸನ್ನು ಒಂದು ಗೂಡಿಗೂ ಇನ್ನೊಂದಕ್ಕೂ ನಡುವೆ ಶೇ. 70ರ ಎಥನಾಲಿನಲ್ಲಿ ಒರೆಸಿ. ಕಾಯಿಲೆ ಗೂಡನ್ನು ದಿನದ ಕೊನೆಗೆ ಮುಟ್ಟಿ.

ಎರಡನೆಯದು, ಬೇರೆ ಗೂಡಿನ ತೋಟವನ್ನು ಇರುವೆಗಳು ಸುಮ್ನೆ ಒಪ್ಪಿಕೊಳ್ಳುವುದಿಲ್ಲ. 2005ರಲ್ಲಿ ಪೌಲ್ಸೆನ್ ಮತ್ತು ಬೂಮ್ಸ್ಮಾ ಪನಾಮಾದ ಆಕ್ರೋಮೈರ್ಮೆಕ್ಸ್ ಮೇಲೆಯೇ ಇದನ್ನು ತೋರಿಸಿದರು. ಇರುವೆ ಗೊಬ್ಬರವಾಗಿ ಹಾಕುವ ಹಿಕ್ಕೆಯ ಹನಿಯಲ್ಲಿ ತನ್ನ ತೋಟದ ಗುರುತು ಇರುತ್ತದೆ. ಅದು ಪರ ತಳಿಯ ಅಣಬೆಯನ್ನು ಹಿಮ್ಮೆಟ್ಟಿಸುತ್ತದೆ.

ತೋಟದ ಕಾವಲು

ಮೇಡಂ, ಪರೀಕ್ಷೆ ಮೊದಲು ಅನ್ನುವುದು ನೂರಕ್ಕೆ ನೂರು ಸರಿ. ನಾನೇ ಅದನ್ನು ಮೊದಲು ಹೇಳಬೇಕಿತ್ತು.

ಎರಡನೆಯದಕ್ಕೆ ಒಂದು ಮಾತು. ಅದೇ ಕೆಲಸದಲ್ಲಿ, ಹೊಸ ತಳಿಯನ್ನೇ ಕೆಲವು ದಿನ ತಿನ್ನಿಸಿದಾಗ ಹಿಕ್ಕೆಯ ಗುಣ ಬದಲಾಗಿ ಹೊಂದಿಕೊಂಡದ್ದೂ ಇದೆ. ತನ್ನ ತೋಟ ಪೂರ್ತಿ ಹೋದ ಗೂಡಿಗೆ ಬೇರೆ ತೋಟ ಕೊಟ್ಟು ಉಳಿಸಿದ್ದೇನೆ. ತನ್ನದು ಅರ್ಧ ಉಳಿದಿರುವಾಗ ಕೊಟ್ಟರೆ ಮಾತ್ರ ನೀವು ಹೇಳಿದ ಹಾಗೆ ಕಿತ್ತೆಸೆಯುತ್ತವೆ. ಹಾಗಾಗಿ ಈಗ ಬೇಡ. ಪೂರ್ತಿ ಹೋದರೆ ಮಾತ್ರ.

ಹಸಿರುಬೂಷ್ಟು

ಪೂರ್ತಿ ಹೋದರೆ ಮಾತ್ರ ಅನ್ನುವುದಾದರೆ ನನ್ನ ತಕರಾರಿಲ್ಲ. ಆದರೆ ಸಂಶೋಧನೆಯ ಗೂಡಿನಲ್ಲಿ ತಳಿ ಬದಲಾದರೆ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು. ಮುಂದೆ ಆ ಗೂಡಿನ ಡಿಎನ್‌ಎ ತೆಗೆಯುವವರಿಗೆ ಅದು ತಿಳಿದಿರಲೇಬೇಕು.

ಹುತ್ತದ ಮಗ್ಗುಲು

ಬೆಂಗಳೂರಿನಿಂದ. ಮೇಷ್ಟ್ರಿಗೆ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಇಂಥ ಇರುವೆ ಇಲ್ಲ ನಿಜ, ಆದರೆ ಇಂಥ ಗೆದ್ದಲು ಇದೆ! ಹೊಲದ ಬದುವಿನ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಒಬೆಸಸ್ ಒಳಗೆ ಅಣಬೆಯನ್ನೇ ಬೆಳೆಯುತ್ತದೆ, ಟರ್ಮಿಟೊಮೈಸಿಸ್. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ, ನಾವು ಸಾರು ಮಾಡುವ ಹುತ್ತದ ಅಣಬೆ ಆ ತೋಟದ್ದೇ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಕೆಲಸ ಓದಿ. ಈ ಗೆದ್ದಲುಗಳು ಬೆಳೆ ಅಣಬೆ ಯಾವುದು, ಕಳೆ ಯಾವುದು ಅಂತ ವಾಸನೆಯಿಂದ ತಿಳಿದು, ಕಳೆಯನ್ನು ಮಣ್ಣಿನಲ್ಲಿ ಹೂತುಬಿಡುತ್ತವೆ. ಕಳೆಯ ಹೆಸರು ಸ್ಯೂಡೋಕ್ಸೈಲೇರಿಯಾ. ಹುತ್ತದಿಂದ ತೋಟದ ಒಂದು ತುಂಡು ತೆಗೆದು, ಗೆದ್ದಲನ್ನೆಲ್ಲ ಬಿಡಿಸಿ ಒದ್ದೆ ಡಬ್ಬಿಯಲ್ಲಿಟ್ಟರೆ ಕೆಲವೇ ದಿನಕ್ಕೆ ಕಡ್ಡಿ ಕಡ್ಡಿಯಾಗಿ ಅದೇ ಮೇಲೇಳುತ್ತದೆ. ಅಲ್ಲಿಯವರೆಗೂ ಕಾಣದ ಹಾಗೆ ಒಳಗೇ ಇತ್ತು.

ಸಾಕುವುದು ಮಾತ್ರ ಇರುವೆಗಿಂತ ಕಷ್ಟ. ಇರುವೆ ರಾಣಿ ಬೀಜವನ್ನು ಬಾಯಲ್ಲೇ ತರುತ್ತದೆ. ನಮ್ಮ ಈಸಲು ಹುಳ ಹಾರಿ ಬಂದು ಜೋಡಿಯಾದಾಗ ಕೈಯಲ್ಲಿ ಏನೂ ಇರುವುದಿಲ್ಲ. ಮೊದಲ ಮರಿಗಳು ದೊಡ್ಡವಾಗಿ ಹೊರಗಿನಿಂದ ಅಣಬೆಯ ಬೀಜಕಣ ತರಬೇಕು. ಲ್ಯಾಬಿನಲ್ಲಿ ಆ ಬೀಜವನ್ನು ನಾವೇ, ಸರಿಯಾದ ಸಮಯಕ್ಕೆ ಒದಗಿಸಬೇಕು.

ಅಡಿಕೆ ತೋಟ

ಹಾಗಾದರೆ ಹುತ್ತದ ಅಣಬೆಯನ್ನು ನಾವು ಶೆಡ್ಡಿನಲ್ಲಿ ಬೆಳೆಯಬಹುದಾ? ಚಿಪ್ಪು ಅಣಬೆಗಿಂತ ರುಚಿ ಜಾಸ್ತಿ.

ಹುತ್ತದ ಮಗ್ಗುಲು

ಚಿಪ್ಪು ಅಣಬೆಯ ಹಾಗೆ ಹುಲ್ಲಿನ ಚೀಲದಲ್ಲಿ ಆಗುವುದಿಲ್ಲ ಅಣ್ಣಾ. ಎಳೆಯನ್ನು ತಟ್ಟೆಯಲ್ಲಿ ಬೆಳೆಸಬಹುದು. ಆದರೆ ಗೆದ್ದಲಿಲ್ಲದೆ ತಿನ್ನುವಂಥ ಕೊಡೆ ಬರಿಸುವುದು ಬೇರೆಯೇ ಮಾತು. ಹುತ್ತ ಅಗೆಯದೆ ಬಿಟ್ಟರೆ ಮಳೆ ಬಂದಾಗ ಅದೇ ಕೊಡುತ್ತದೆ.

ಹವ್ಯಾಸಿ

ಎಲೆ ಕತ್ತರಿಸುವ ಇರುವೆಯ ರಾಣಿಯನ್ನು ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲಿ ಸಾಕಬೇಕೆಂದಿದ್ದೇನೆ. ಯಾರಾದರೂ ತರಿಸಿದ್ದೀರಾ?

ತೋಟದ ಕಾವಲು

ದಯವಿಟ್ಟು ಬೇಡ. ಬ್ರೆಜಿಲ್‌ನಲ್ಲಿ ಇದನ್ನು ಸೌವಾ ಅನ್ನುತ್ತಾರೆ, ಅಲ್ಲಿನ ರೈತರಿಗೆ ದೊಡ್ಡ ಪೀಡೆ. ನಮ್ಮ ಹವೆಯಲ್ಲಿ ಒಂದು ಗೂಡು ಹೊರಬಿದ್ದರೆ ಮಾವು, ಕಿತ್ತಳೆ ತೋಟಗಳ ಗತಿ ಯೋಚಿಸಿ. ಜೀವಂತ ಕೀಟವನ್ನು ದೇಶಕ್ಕೆ ತರಲು 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಅನುಮತಿ ಬೇಕು. ಸಾಕುವ ಆಸೆ ಇದ್ದರೆ ನಮ್ಮ ಊರಿನ ಗೊದ್ದದ ರಾಣಿಯಿಂದ ಶುರು ಮಾಡಿ, ನಾನೇ ಹೇಳಿಕೊಡುತ್ತೇನೆ.

ತಪ್ಪಿಸಿಕೊಳ್ಳುವುದು ಸುಮ್ಮನೆ ಹೇಳಿದ ಮಾತಲ್ಲ. ಪೆಟ್ಟಿಗೆಯ ಗೋಡೆಗೆ ಫ್ಲುವಾನ್ ಬಳಿದಿರುತ್ತೇವೆ, ಕಾಲು ಜಾರಲಿ ಅಂತ. ತೇವದ ಕೋಣೆಯಲ್ಲಿ ಆ ಪದರ ಬೇಗ ಕೆಡುತ್ತದೆ. ಒಂದು ಲ್ಯಾಬಿನಲ್ಲಿ ನಾನು ಬಳಿಯಲು ಒಂದು ವಾರ ತಡ ಮಾಡಿದೆ. ರಾತ್ರಿ ಮೂಲೆಯಿಂದ ಹತ್ತಿ, ನೆಲ ದಾಟಿ, ಕಿಟಕಿಯಲ್ಲಿದ್ದ ಕುಂಡದ ಗಿಡವನ್ನು ದಂಟು ಮಾತ್ರ ಉಳಿಸಿ ಬೋಳಿಸಿದ್ದವು. ಬೆಳಿಗ್ಗೆ ನೆಲದ ಮೇಲೆ ಹಸಿರು ಚೂರುಗಳ ಸಾಲು ಗೂಡಿನ ಕಡೆ ಹೊರಟಿತ್ತು. ಆಮೇಲೆ ಪೆಟ್ಟಿಗೆಯ ಕಾಲುಗಳನ್ನು ನೀರಿನ ತಟ್ಟೆಯಲ್ಲಿ ಇಡುವುದನ್ನು ಎಂದೂ ಬಿಟ್ಟಿಲ್ಲ.

ಸೊಪ್ಪಿನಬೆಟ್ಟ

ಇಪ್ಪತ್ತಮೂರು ದಿನಗಳ ನಂತರ ಬರೆಯುತ್ತಿದ್ದೇನೆ.

ಪರೀಕ್ಷೆಗೆ ಇಟ್ಟ ಚೂರುಗಳಲ್ಲಿ ಒಂದಕ್ಕೆ ಹಸಿರು ಬೂಷ್ಟು ಬಂತು. ಕಂದು ಪುಡಿ ಯಾವುದರಲ್ಲೂ ಬರಲಿಲ್ಲ. ಮೇಡಂ ಹೇಳಿದ ಹಾಗೆ ನಾಲ್ಕನೇ ಗೂಡನ್ನು ಕೊನೆಗೆ ಮುಟ್ಟುತ್ತಿದ್ದೆ. ತೋಟ ಎಂಟನೇ ದಿನಕ್ಕೆ ನಿಂಬೆಹಣ್ಣಿನಷ್ಟಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಅಲ್ಲಿಗೇ ನಿಂತಿತು. ರಾಣಿ ಅದರ ನಡುವಿನ ಕುಳಿಯಲ್ಲೇ ಇದ್ದಳು, ಸುತ್ತ ಮೊಟ್ಟೆಗಳಿದ್ದವು. ಬೇರೆ ತೋಟ ಕೊಡುವ ಸಂದರ್ಭ ಬರಲಿಲ್ಲ.

ನಿನ್ನೆ ಸಂಜೆ ಲೋಟದ ಹೊರಗಿನಿಂದ ಲೆನ್ಸ್ ಹಿಡಿದು ಒಂದು ಗಂಟೆ ಕೂತೆ. ಒಂದು ಇರುವೆ ಎಲೆ ಚೂರನ್ನು ಮುಂಗಾಲಲ್ಲಿ ತಿರುಗಿಸುತ್ತಾ ಎರಡೂ ಕಡೆ ನೆಕ್ಕಿತು. ಅಂಚನ್ನು ಅಗಿದು ಒದ್ದೆ ಮಾಡಿತು. ತೋಟದ ನೆತ್ತಿಯಲ್ಲಿ ಸಿಕ್ಕಿಸಿ, ತಲೆಯನ್ನು ಅಲ್ಲಾಡಿಸಿ ಗಟ್ಟಿಯಾಗಿ ಒತ್ತಿತು. ಹೊಟ್ಟೆ ಬಗ್ಗಿಸಿ ಒಂದು ಹನಿ ಬಿಟ್ಟಿತು. ಅದರ ಕಾಲಿನಷ್ಟೂ ಉದ್ದವಿರದ ಇನ್ನೊಂದು ಚಿಕ್ಕ ಇರುವೆ ಕೆಳಗಿನಿಂದ ಬಿಳಿ ಎಳೆಯ ಕುಚ್ಚು ಕಿತ್ತು ತಂದು ಆ ಚೂರಿನ ಮೇಲೆ ಇಟ್ಟಿತು. ಮತ್ತೆ ಇನ್ನೊಂದು ಕುಚ್ಚು. ನಾನು ಏಳುವ ಹೊತ್ತಿಗೆ ಆ ಚೂರಿನ ಮೇಲೆ ಹನ್ನೊಂದು ಕುಚ್ಚು ಎಣಿಸಿದೆ. ನಮ್ಮಮ್ಮ ಸಸಿ ಮಡಿಯಲ್ಲಿ ಬಗ್ಗಿ ನೆಡುವ ಹಾಗೆಯೇ ಕಂಡಿತು.

ಇವತ್ತು ಬೆಳಿಗ್ಗೆ ತೋಟ ಮತ್ತೆ ಮೂಸಂಬಿಯಷ್ಟಾಗಿದೆ. ಕಸದಲ್ಲಿ ಬಿಳಿ ಚೂರು ಒಂದೂ ಇಲ್ಲ. ನೋಟ್‌ಬುಕ್ಕಿನಲ್ಲಿ ಈಗ ದಿನಾ ಮೊದಲ ಸಾಲು ತೋಟದ್ದು, ಎರಡನೆಯದು ಕಸದ್ದು, ಇರುವೆಯದು ಮೂರನೆಯದು. ಗುಲಾಬಿಯನ್ನು ವಾರಕ್ಕೊಮ್ಮೆ ಹೊರಗಿನ ಪೆಟ್ಟಿಗೆಯಲ್ಲಿ ಇಟ್ಟು ನೋಡುತ್ತಿದ್ದೇನೆ, ಈ ಸಲ ಔಷಧಿ ಹೊಡೆಯದ ಮನೆ ತೋಟದ ಎಸಳು. ಇನ್ನೂ ಮುಟ್ಟಿಲ್ಲ. ಎಷ್ಟು ವಾರ ನೆನಪಿಟ್ಟುಕೊಳ್ಳುತ್ತವೆ ಅಂತ ಎಣಿಸುತ್ತೇನೆ, ಮೊದಲು ಕತ್ತರಿಸಿದ ದಿನ ಇಲ್ಲೇ ಬಂದು ಬರೆಯುತ್ತೇನೆ.